ಹಲವು ಊರಿಗೆ ಹಂಚಿಹೋದ ಒಂದು ರಾಮಾಯಣ

ಕುಂಭಕರ್ಣ ಮಲಗಿದ್ದಾನೆ. ಬೆಟ್ಟದಂಥ ಮೈ. ಅವನನ್ನು ಎಬ್ಬಿಸಬೇಕೆಂದು ರಾವಣನ ಅಪ್ಪಣೆಯಾಗಿದೆ. ಪಾಪ, ರಾಕ್ಷಸರ ಪಾಡು ಹೇಳತೀರದು! ಒಬ್ಬ ಕಹಳೆ ಊದುತ್ತಾನೆ, ಇನ್ನೊಬ್ಬ ನಗಾರಿ ಬಡಿಯುತ್ತಾನೆ. ಆನೆಗಳನ್ನು ತಂದು ಅವನ ಮೈಮೇಲೆಯೇ ಓಡಾಡಿಸುತ್ತಾರೆ. ಎದ್ದ ಕೂಡಲೇ ಹಸಿವಾದೀತೆಂದು ಊಟದ ರಾಶಿ ಸಿದ್ಧವಾಗಿದೆ. ಕುಂಭಕರ್ಣನಿಗೆ ಮಾತ್ರ ಇದ್ಯಾವುದರ ಪರಿವೆಯೂ ಇಲ್ಲ.

ಈ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದವರಿದ್ದಾರೆ, ಯಕ್ಷಗಾನದಲ್ಲಿ ನೋಡಿದವರಿದ್ದಾರೆ. ಆದರೆ ಇದನ್ನು ಒಂದು ಹಾಳೆಯ ಮೇಲೆ, ಅಂಗೈಯಗಲದ ಜಾಗದಲ್ಲಿ ಹತ್ತಾರು ರಾಕ್ಷಸರನ್ನು ಕೂರಿಸಿ, ನೋಡಿದವರು ನಗುವಂತೆ ಬಣ್ಣದಲ್ಲಿ ಬರೆದವನು ಮೇವಾಡದ ಚಿತ್ರಕಾರ ಸಾಹಿಬ್‌ದೀನ್. ಕಾಲ 1652. ಊರು ಉದಯಪುರ. ಬರೆಸಿದವನು ಮಹಾರಾಣಾ ಜಗತ್‌ಸಿಂಗ್. ಆ ಹಾಳೆ ಇಂದು ಇರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ.

ವಾಲ್ಮೀಕಿ ರಾಮಾಯಣದ ಏಳೂ ಕಾಂಡಗಳನ್ನು ಪ್ರತಿ ಮಾಡಿಸಿ, ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆಸಿದ ಈ ಹಸ್ತಪ್ರತಿಯನ್ನು ವಿದ್ವಾಂಸರು ‘ಮೇವಾಡ ರಾಮಾಯಣ’ ಎಂದು ಕರೆಯುತ್ತಾರೆ. ಒಂದೇ ಗ್ರಂಥಾಲಯಕ್ಕೆಂದು ಸಿದ್ಧವಾದ ಈ ಒಂದೇ ಪುಸ್ತಕ ಮುಂದೆ ಹಲವು ಊರುಗಳ ಪಾಲಾಯಿತು. ಅದು ಹೇಗೆ ಹುಟ್ಟಿತು, ಹೇಗೆ ಒಡೆಯಿತು, ಮತ್ತೆ ಹೇಗೆ ಕೂಡಿತು ಎಂಬುದು ರಾಮಾಯಣದಷ್ಟೇ ಸ್ವಾರಸ್ಯದ ಕಥೆ.

ತಾಳೆಗರಿಯಿಂದ ಕಾಗದಕ್ಕೆ

ನಮ್ಮ ದೇಶದಲ್ಲಿ ಪುಸ್ತಕಕ್ಕೆ ಚಿತ್ರ ಬರೆಯುವ ಪದ್ಧತಿ ಮೇವಾಡಕ್ಕಿಂತ ಬಹಳ ಹಳೆಯದು. ಪಾಲ ಅರಸರ ಕಾಲದ ಬಂಗಾಳ ಮತ್ತು ಬಿಹಾರದಲ್ಲಿ ಬೌದ್ಧರು, ಗುಜರಾತಿನಲ್ಲಿ ಜೈನರು ತಾಳೆಗರಿಯ ಮೇಲೆ ಚಿತ್ರ ಬರೆಸುತ್ತಿದ್ದರು. ನಮ್ಮ ಮೂಡಬಿದಿರೆಯಲ್ಲಿ ಕಾಪಾಡಿಕೊಂಡು ಬಂದ ‘ಧವಲಾ’ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಗರಿಗಳಲ್ಲೂ 12ನೆಯ ಶತಮಾನದ ಚಿತ್ರಗಳಿವೆ. ಆದರೆ ತಾಳೆಗರಿ ಚಿತ್ರಕಾರನಿಗೆ ಬಲು ಜಿಪುಣ ಯಜಮಾನ. ಅದರ ಅಗಲ ಎರಡು ಮೂರು ಅಂಗುಲ ಮಾತ್ರ. ನಡುವೆ ದಾರ ಪೋಣಿಸಲು ತೂತು ಬೇರೆ. ಉಳಿದ ಚೂರು ಜಾಗದಲ್ಲಿ ಒಬ್ಬ ತೀರ್ಥಂಕರನನ್ನೋ ಒಬ್ಬ ದೇವಿಯನ್ನೋ ಕೂರಿಸಬಹುದೇ ಹೊರತು, ಯುದ್ಧ, ಕಾಡು, ಅರಮನೆ ಎಂದು ಕಥೆ ಹೇಳುತ್ತ ಹೋಗಲು ಆಗದು.

14ನೆಯ ಶತಮಾನದ ಹೊತ್ತಿಗೆ ಪಶ್ಚಿಮ ಭಾರತದಲ್ಲಿ ಕಾಗದದ ಬಳಕೆ ಹೆಚ್ಚಿತು. ಆದರೂ ಅಭ್ಯಾಸ ಬಿಡಬೇಕಲ್ಲ! ಲಿಪಿಕಾರರು ಕಾಗದವನ್ನೂ ತಾಳೆಗರಿಯ ಹಾಗೆ ಉದ್ದುದ್ದ ಕತ್ತರಿಸಿ, ದಾರದ ತೂತಿದ್ದ ಜಾಗದಲ್ಲಿ ಒಂದು ಕೆಂಪು ಚುಕ್ಕಿ ಇಟ್ಟು ಬರೆಯುತ್ತಿದ್ದರು. ನಿಧಾನವಾಗಿ ಹಾಳೆಯ ಅಗಲ ಬೆಳೆಯಿತು. ಅದರ ಜೊತೆಗೆ ಚಿತ್ರವೂ ಬೆಳೆಯಿತು. 15ನೆಯ ಶತಮಾನದ ಗುಜರಾತಿನಲ್ಲಿ ‘ಬಾಲಗೋಪಾಲಸ್ತುತಿ’ಯ ಸಚಿತ್ರ ಪ್ರತಿಗಳು ತಯಾರಾದವು. ಅದರ ಕರ್ತೃ ಬಿಲ್ವಮಂಗಳ. ‘ಶ್ರೀಕೃಷ್ಣ ಕರ್ಣಾಮೃತ’ದ ಲೀಲಾಶುಕ ಎಂದರೆ ಕನ್ನಡದ ಅನೇಕ ಮನೆಗಳಿಗೆ ಪರಿಚಯದ ಹೆಸರೇ. ದಕ್ಷಿಣದ ಕವಿಯ ಕೃಷ್ಣನಿಗೆ ಬಣ್ಣ ತುಂಬಿದವರು ಗುಜರಾತಿನ ಚಿತ್ರಕಾರರು! ಜೈನರ ಕಲ್ಪಸೂತ್ರಗಳಲ್ಲಿ ಕೈ ಪಳಗಿಸಿಕೊಂಡಿದ್ದ ಅದೇ ಶೈಲಿಯಲ್ಲಿ ಕೃಷ್ಣನ ಮುಖವೂ ಮೂಡಿತು. ಮೂಗು ಚೂಪು. ಮುಖ ಪಕ್ಕಕ್ಕೆ ತಿರುಗಿದ್ದರೂ ಆಚೆಯ ಕಣ್ಣು ಕೆನ್ನೆಯ ಗೆರೆ ದಾಟಿ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ.

ಉತ್ತರ ಭಾರತದಲ್ಲಿ ಈ ಬಗೆಯ ಕೃತಿಗಳ ಪೈಕಿ ಒಂದಕ್ಕೆ ಖಚಿತವಾದ ಇಸವಿ ಸಿಗುತ್ತದೆ. ಅದು ಮಹಾಭಾರತದ ಅರಣ್ಯಕ ಪರ್ವ, 1516ರದು. ದೆಹಲಿಯಲ್ಲಿ ಸಿಕಂದರ್ ಲೋದಿ ಆಳುತ್ತಿದ್ದಾಗ ಆಗ್ರಾದ ಸಮೀಪದ ಕಛೌವಾ ಎಂಬಲ್ಲಿ ಇದನ್ನು ಬರೆಯಲಾಯಿತು. ಈಗ ಮುಂಬೈಯ ಏಷ್ಯಾಟಿಕ್ ಸೊಸೈಟಿಯಲ್ಲಿದೆ. ಸುಲ್ತಾನರ ಆಳ್ವಿಕೆಯಲ್ಲಿ ಹಿಂದೂ ಗ್ರಂಥಗಳ ಚಿತ್ರಕಲೆ ನಿಂತೇ ಹೋಗಿತ್ತೆಂದು ತಿಳಿದವರು ಈ ಇಸವಿಯನ್ನು ಗಮನಿಸಬೇಕು.

ಅದರ ಹಿಂದೆಯೇ ಬರುವುದು, ಸುಮಾರು 1520ರಿಂದ 1540ರ ನಡುವಿನದೆಂದು ವಿದ್ವಾಂಸರು ಹೇಳುವ ಒಂದು ಭಾಗವತ. ದೆಹಲಿ, ಆಗ್ರಾ, ಮಥುರೆಗಳ ಸುತ್ತಮುತ್ತ ಎಲ್ಲೋ ತಯಾರಾದದ್ದು. ದಶಮ ಸ್ಕಂಧದ ಕೃಷ್ಣಕಥೆಯನ್ನು ಇಷ್ಟು ವಿಸ್ತಾರವಾಗಿ ಚಿತ್ರಿಸಿದ ಅದಕ್ಕಿಂತ ಹಳೆಯ ಪ್ರತಿ ದೊರೆತಿಲ್ಲ. ಇಲ್ಲಿ ಆ ಗಾಳಿಯಲ್ಲಿ ನಿಂತ ಕಣ್ಣು ಮಾಯವಾಗಿದೆ. ಪಕ್ಕನೋಟದ ಮುಖದಲ್ಲಿ ಮೀನಿನಂಥ ಒಂದೇ ದೊಡ್ಡ ಕಣ್ಣು. ಹಿಂಬದಿಗೆ ಅಚ್ಚ ಕೆಂಪು, ಅಚ್ಚ ಹಸಿರು, ಅಚ್ಚ ನೀಲಿ. ಗೋಪಿಯರ ಸೆರಗು ಗಂಜಿ ಹಾಕಿದಂತೆ ಸೆಟೆದು ನಿಂತಿದೆ. ಕೃಷ್ಣ ಓಡಿದರೆ ಇಡೀ ಹಾಳೆಯೇ ಓಡಿದಂತೆ ತೋರುತ್ತದೆ. ಭಾರತದ ಚಿತ್ರಕಲೆಯಲ್ಲಿ ಇಷ್ಟು ಲವಲವಿಕೆಯ ಪುಸ್ತಕ ಇನ್ನೊಂದಿದೆಯೇ ಎಂಬುದು ಅನುಮಾನ. ಈ ಭಾಗವತಕ್ಕೆ ಮುಂದೆ ಏನಾಯಿತೆಂಬುದು ನೋವಿನ ಸಂಗತಿ. ಅದನ್ನು ಆಮೇಲೆ ನೋಡೋಣ.

ಗೋಡೆ ಕಟ್ಟಲಾಗದ ದೊರೆ

ಮೇವಾಡದ ಸಿಸೋದಿಯಾ ಅರಸರು ತಮ್ಮನ್ನು ಸೂರ್ಯವಂಶದವರೆಂದು, ರಾಮನ ಸಂತತಿಯವರೆಂದು ಹೇಳಿಕೊಳ್ಳುತ್ತಿದ್ದರು. ಅವರ ಹೆಮ್ಮೆಯ ಕೋಟೆ ಚಿತ್ತೋಡ. 1568ರಲ್ಲಿ ಅದು ಅಕ್ಬರನ ವಶವಾಯಿತು. 1576ರ ಹಳದೀಘಾಟಿ ಯುದ್ಧ, ರಾಣಾ ಪ್ರತಾಪನ ಕಾಡುಮೇಡಿನ ಅಲೆದಾಟ ನಮ್ಮ ಶಾಲಾ ಪಠ್ಯಗಳಲ್ಲೇ ಇವೆ. ಅಂಥ ಕಷ್ಟದ ದಿನಗಳಲ್ಲೂ ಮೇವಾಡದಲ್ಲಿ ಕುಂಚ ಒಣಗಿರಲಿಲ್ಲ. ಪ್ರತಾಪನ ಕೊನೆಯ ರಾಜಧಾನಿ ಚಾವಂಡದಲ್ಲಿ 1605ರಲ್ಲಿ ನಿಸಾರ್‌ದೀನ್ ಎಂಬ ಚಿತ್ರಕಾರ ಒಂದು ರಾಗಮಾಲೆಯನ್ನು ಬರೆದಿದ್ದಾನೆ.

1615ರಲ್ಲಿ ಪ್ರತಾಪನ ಮಗ ಅಮರಸಿಂಗ್ ಜಹಾಂಗೀರನೊಡನೆ ಒಪ್ಪಂದ ಮಾಡಿಕೊಂಡ. ಚಿತ್ತೋಡವೇನೋ ಮರಳಿ ಸಿಕ್ಕಿತು. ಆದರೆ ಕೋಟೆಯನ್ನು ದುರಸ್ತಿ ಮಾಡಬಾರದು ಎಂಬ ಷರತ್ತು ಅಂಟಿಕೊಂಡಿತ್ತು. ಸ್ವಂತ ಮನೆಯ ಬಿದ್ದ ಗೋಡೆಯನ್ನು ಎತ್ತಿ ಕಟ್ಟಬಾರದು ಎಂದರೆ ಯಾವ ಮಾನವಂತನಿಗೆ ಸಹಿಸಲಾದೀತು?

ಅಮರಸಿಂಗನ ಮೊಮ್ಮಗನೇ ಜಗತ್‌ಸಿಂಗ್. 1628ರಿಂದ 1652ರವರೆಗೆ ಆಳಿದ. ಉದಯಪುರಕ್ಕೆ ಹೋದ ಪ್ರವಾಸಿಗರು ತಪ್ಪದೆ ನೋಡುವ ಜಗದೀಶ ಮಂದಿರ ಅವನು ಕಟ್ಟಿಸಿದ್ದು. ಆ ಮಂದಿರದಷ್ಟೇ ದೊಡ್ಡ ಇನ್ನೊಂದು ಕೆಲಸವನ್ನು ಅವನು ಕಾಗದದ ಮೇಲೆ ಮಾಡಿಸಿದ. ಗೀತಗೋವಿಂದ, ರಸಿಕಪ್ರಿಯಾ, ಭಾಗವತ ಹೀಗೆ ಒಂದಾದ ಮೇಲೊಂದು ಗ್ರಂಥಕ್ಕೆ ಅವನ ಆಳ್ವಿಕೆಯಲ್ಲಿ ಚಿತ್ರ ಬರೆಯಲಾಯಿತು. 1648ರ ಭಾಗವತ ಈಗ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯಲ್ಲಿದೆ. ಅದು ಮುಗಿದ ಮರುವರ್ಷವೇ, 1649ರಲ್ಲಿ, ರಾಮಾಯಣದ ಬಾಲಕಾಂಡ ಸಿದ್ಧವಾಯಿತು.

ತನ್ನ ವಂಶದ ಮೂಲಪುರುಷನ ಕಥೆಯನ್ನು ಇಷ್ಟು ವೈಭವದಿಂದ ಬರೆಸಿದ ದೊರೆಯ ಮನಸ್ಸಿನಲ್ಲಿ ಬರಿಯ ಭಕ್ತಿಯಷ್ಟೇ ಇತ್ತೇ? ಹಾಗೆನ್ನುವುದು ಕಷ್ಟ. ಅದೇ ವರ್ಷಗಳಲ್ಲಿ ಅವನು ಷರತ್ತನ್ನು ಮೀರಿ ಚಿತ್ತೋಡದ ಗೋಡೆಗಳನ್ನೂ ದುರಸ್ತಿ ಮಾಡಿಸುತ್ತಿದ್ದ. 1652ರಲ್ಲಿ ಜಗತ್‌ಸಿಂಗ್ ತೀರಿಕೊಂಡ. ಮಗ ರಾಜಸಿಂಗನ ಕಾಲದಲ್ಲಿ, 1653ರಲ್ಲಿ, ರಾಮಾಯಣದ ಕೆಲಸ ಮುಗಿಯಿತು. ಮರುವರ್ಷ ಷಾಜಹಾನನ ಸೈನ್ಯ ಬಂದು ದುರಸ್ತಿಯಾದ ಗೋಡೆಗಳನ್ನು ಕೆಡವಿ ಹೋಯಿತು. ಕಲ್ಲಿನ ಕೆಲಸ ಉಳಿಯಲಿಲ್ಲ, ಕಾಗದದ ಕೆಲಸ ಉಳಿಯಿತು.

ಮೂವರು ಚಿತ್ರಕಾರರು, ಒಬ್ಬ ಲಿಪಿಕಾರ

ಶ್ಲೋಕಗಳನ್ನು ನಾಗರಿ ಲಿಪಿಯಲ್ಲಿ ಬರೆದವನು ಹೀರಾನಂದ. ಅವನು ಜೈನ. ಅಯೋಧ್ಯಾ ಕಾಂಡ ಮತ್ತು ಯುದ್ಧ ಕಾಂಡಗಳ ಚಿತ್ರಕಾರ ಸಾಹಿಬ್‌ದೀನ್ ಮುಸಲ್ಮಾನ. ಬಾಲಕಾಂಡದ ಚಿತ್ರಗಳು ಮನೋಹರನವು. ಬರೆಸಿದ ದೊರೆ ಏಕಲಿಂಗಜಿಯ ದಿವಾನ, ಅಂದರೆ ಶಿವನ ಪರವಾಗಿ ರಾಜ್ಯವಾಳುವವನೆಂದು ಹೇಳಿಕೊಳ್ಳುವ ಮನೆತನದವನು. ಇಷ್ಟು ಜನ ಸೇರಿ ಒಂದು ರಾಮಾಯಣವಾಯಿತು. ಆ ಕಾಲದವರಿಗೆ ಇದರಲ್ಲಿ ವಿಶೇಷವೇನೂ ಕಂಡಂತಿಲ್ಲ. ಸಾಹಿಬ್‌ದೀನ್ 1628ರಷ್ಟು ಹಿಂದೆಯೇ ರಾಗಮಾಲೆ ಬರೆದು ಹೆಸರು ಹಾಕಿದ್ದಾನೆ, ಮರುವರ್ಷ ಗೀತಗೋವಿಂದ ಬರೆದಿದ್ದಾನೆ. ರಾಮಾಯಣಕ್ಕೆ ಕೈ ಹಾಕುವ ಹೊತ್ತಿಗೆ ಅವನಿಗೆ ಇಪ್ಪತ್ತು ವರ್ಷಗಳಿಗೂ ಮೀರಿದ ಅನುಭವವಿತ್ತು.

ಮನೋಹರ ಮತ್ತು ಸಾಹಿಬ್‌ದೀನರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ಮನೋಹರನದು ನೇರ ನಡೆ. ರಾಜ ಇಲ್ಲಿ ಕೂತ, ಋಷಿ ಅಲ್ಲಿಂದ ಬಂದ ಎಂದು ಸರಳವಾಗಿ ಹೇಳಿ ಮುಗಿಸುತ್ತಾನೆ. ಮಕ್ಕಳಿಗೆ ಬೇಗ ಅರ್ಥವಾಗುವುದು ಅವನೇ. ಸಾಹಿಬ್‌ದೀನನ ಪುಟಗಳಿಗೆ ಪುರುಸೊತ್ತು ಬೇಕು. ಒಂದೇ ಪುಟದಲ್ಲಿ ನಾಲ್ಕಾರು ಸಂದರ್ಭಗಳನ್ನು ತುಂಬುತ್ತಾನೆ. ಅದೇ ಪಾತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಇಂದ್ರಜಿತುವಿನ ನಾಗಪಾಶದ ಪುಟವನ್ನೇ ತೆಗೆದುಕೊಳ್ಳಿ. ಮೊದಲ ನೋಟಕ್ಕೆ ಅದೊಂದು ಗೊಂದಲ. ಎಷ್ಟು ಜನ ಇಂದ್ರಜಿತುಗಳು! ಆದರೆ ಕಥೆ ಗೊತ್ತಿರುವವರಿಗೆ ಗಂಟು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಮರೆಯಲ್ಲಿ ನಿಂತು ಬಾಣ ಬಿಡುವವನು ಅವನೇ. ಗೆದ್ದ ಸುದ್ದಿಯನ್ನು ತಂದೆಗೆ ತಿಳಿಸುವವನೂ ಅವನೇ. ಹಾವುಗಳು ಸುತ್ತಿಕೊಂಡು ರಾಮಲಕ್ಷ್ಮಣರು ನೆಲಕ್ಕೊರಗಿದ್ದಾರೆ, ವಾನರರು ದಿಕ್ಕು ತೋಚದೆ ಸುತ್ತುಗಟ್ಟಿದ್ದಾರೆ. ಸೀತೆಯನ್ನು ತ್ರಿಜಟೆಯೊಡನೆ ಪುಷ್ಪಕದಲ್ಲಿ ಕೂರಿಸಿ, ಬಿದ್ದ ಗಂಡನನ್ನು ಮೇಲಿನಿಂದ ತೋರಿಸುತ್ತಿದ್ದಾರೆ. ಗಂಟೆಗಳ ಘಟನೆ ಒಂದೇ ಹಾಳೆಯಲ್ಲಿದೆ. ನೋಡುವವರ ಕಣ್ಣು ಯುದ್ಧಭೂಮಿಯಿಂದ ಲಂಕೆಗೆ, ಲಂಕೆಯಿಂದ ಆಕಾಶಕ್ಕೆ, ಆಕಾಶದಿಂದ ಮತ್ತೆ ಯುದ್ಧಭೂಮಿಗೆ ಸುತ್ತಬೇಕು. ಹಾಗೆ ಸುತ್ತಿದರೇನೇ ಸೀತೆಯ ಸಂಕಟ ತಿಳಿಯುವುದು. ಅವಳಿಗೆ ಮೇಲಿನಿಂದ ಕಂಡದ್ದೇನು ಎಂಬುದನ್ನು ನಾವು ಆಗಲೇ ಕೆಳಗೆ ನೋಡಿರುತ್ತೇವಲ್ಲ!

ಇದನ್ನು ಓದಲು ಚಿತ್ರಕಲೆಯ ಪದವಿ ಬೇಕಿಲ್ಲ, ರಾಮಾಯಣ ಗೊತ್ತಿರಬೇಕು ಅಷ್ಟೆ. ಸಾಹಿಬ್‌ದೀನ್ ನಂಬಿದ್ದು ಅದನ್ನೇ. ಕಥೆ ತಿಳಿದವರಿಗಾಗಿ ಅವನು ಬರೆದ. ಪುಟದ ಎಡದಿಂದ ಬಲಕ್ಕೆ ಕಥೆ ಸಾಗಬೇಕೆಂಬ ನಿಯಮವನ್ನೂ ಅವನು ಇಟ್ಟುಕೊಳ್ಳಲಿಲ್ಲ. ಅರಮನೆಯ ಒಳಗಿನ ಮಾತುಕತೆ ತೋರಿಸಬೇಕೆ? ಗೋಡೆಯನ್ನೇ ತೆಗೆದುಹಾಕುತ್ತಾನೆ. ಗೊಂಬೆಮನೆಯ ಹಾಗೆ ಕೋಣೆಕೋಣೆಯೂ ತೆರೆದುಕೊಂಡು, ಒಂದರಲ್ಲಿ ದಶರಥ, ಇನ್ನೊಂದರಲ್ಲಿ ರಾಣಿಯರು, ಹೊರಗೆ ಕಾಯುವ ಜನ ಎಲ್ಲ ಒಟ್ಟಿಗೆ ಕಾಣುತ್ತಾರೆ. ಅಕ್ಬರನ ಆಸ್ಥಾನದ ಚಿತ್ರಕಾರರು ರೂಢಿಸಿದ್ದ ಕೆಲವು ಉಪಾಯಗಳು ಅವನಿಗೆ ತಿಳಿದಿದ್ದವು. 1580ರ ದಶಕದಲ್ಲೇ ಅಕ್ಬರ್ ಮಹಾಭಾರತ ಮತ್ತು ರಾಮಾಯಣಗಳನ್ನು ಪಾರಸಿಗೆ ಅನುವಾದಿಸಿ ಚಿತ್ರ ಬರೆಸಿದ್ದ. ಆದರೆ ಮೊಗಲರ ಚಿತ್ರಗಳಲ್ಲಿ ಕಣ್ಣಿಗೆ ಕಂಡಂತೆ ಬರೆಯುವ ಹಂಬಲ ಹೆಚ್ಚು. ಸಾಹಿಬ್‌ದೀನನಿಗೆ ಕಥೆಗೆ ಬೇಕಾದಂತೆ ಬರೆದರೆ ಸಾಕಿತ್ತು.

ಕನ್ನಡಿಗರಿಗೆ ಕುತೂಹಲ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಕಿಷ್ಕಿಂಧಾ ಕಾಂಡದ ಚಿತ್ರಗಳು ಸಾಹಿಬ್‌ದೀನನವೂ ಅಲ್ಲ, ಮನೋಹರನವೂ ಅಲ್ಲ. ಹೆಸರು ತಿಳಿಯದ ಮೂರನೆಯ ಕೈಯದು. ಅದರಲ್ಲಿ ಮೇವಾಡದ ಶೈಲಿಯ ಜೊತೆಗೆ ದಖ್ಖಣಿ ಶೈಲಿಯೂ ಬೆರೆತಿದೆ ಎಂದು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ. ಸುಂದರಕಾಂಡದ ಚಿತ್ರಗಳಲ್ಲೂ ಅದೇ ಛಾಯೆ ಇದೆ. ದಖ್ಖಣಿ ಎಂದರೆ ಬಿಜಾಪುರ, ಗೋಲ್ಕೊಂಡ, ಅಹಮದ್‌ನಗರಗಳ ಸುಲ್ತಾನರ ಆಶ್ರಯದಲ್ಲಿ ಬೆಳೆದ ಚಿತ್ರಕಲೆ. ಮೊಗಲರ ದಂಡಿನೊಡನೆ ರಜಪೂತ ಸೈನಿಕರು ದಕ್ಷಿಣಕ್ಕೆ ಬಂದುಹೋಗುತ್ತಿದ್ದ ಕಾಲವದು. ದಂಡು ಬಂದ ದಾರಿಯಲ್ಲೇ ಕುಂಚವೂ ಹೋಗಿರಬೇಕು. ಹಂಪಿ ಆನೆಗೊಂದಿಯ ಸುತ್ತಲಿನ ಬಂಡೆಗಳೇ ಕಿಷ್ಕಿಂಧೆ ಎಂದು ನಂಬುವ ನಮಗೆ, ವಾಲಿ ಸುಗ್ರೀವರ ಕಾಂಡಕ್ಕೇ ದಕ್ಷಿಣದ ಛಾಯೆ ಬಂದಿರುವುದು ಕಾಕತಾಳೀಯವಾದರೂ ಖುಷಿ ಕೊಡುವಂಥದ್ದು.

ಅಳಿಲಿನ ಬಾಲ, ಕಲ್ಲಿನ ಹೊಳಪು

ಈ ಚಿತ್ರಗಳನ್ನು ಬರೆಯುತ್ತಿದ್ದ ಬಗೆ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಮೊದಲು ಕಾಗದದ ಮೇಲೆ ತೆಳುವಾದ ಗೆರೆಯಲ್ಲಿ ನಕ್ಷೆ. ಅದರ ಮೇಲೆ ಬಿಳಿಯ ತೆಳು ಲೇಪ. ಆ ಲೇಪದ ಅಡಿಯಿಂದ ಮಸುಕಾಗಿ ಕಾಣುವ ಗೆರೆಯನ್ನೇ ತಿದ್ದಿ ಮತ್ತೊಮ್ಮೆ ಖಚಿತವಾಗಿ ಬರೆಯಬೇಕು. ಆಮೇಲೆ ಬಣ್ಣ. ಕೆಂಪಿಗೆ ಇಂಗಳೀಕ, ಹಳದಿಗೆ ಹರಿದಾಳ, ನೀಲಿಗೆ ನೀಲಿಗಿಡದ ಬಣ್ಣ, ಕಪ್ಪಿಗೆ ದೀಪದ ಕಾಡಿಗೆ. ಬಣ್ಣ ಕಾಗದಕ್ಕೆ ಹಿಡಿಯಲು ಗೋಂದು. ಒಂದು ಪದರ ಒಣಗಿದ ಮೇಲೆ ಹಾಳೆಯನ್ನು ಬೋರಲು ಹಾಕಿ, ಬೆನ್ನಿನ ಕಡೆಯಿಂದ ನುಣುಪಾದ ಕಲ್ಲಿನಲ್ಲಿ ಉಜ್ಜುತ್ತಿದ್ದರು. ಮೂರೂವರೆ ಶತಮಾನ ಕಳೆದರೂ ಆ ಬಣ್ಣಗಳು ಎನಾಮಲ್ ಬಳಿದಂತೆ ಹೊಳೆಯುವುದಕ್ಕೆ ಈ ಉಜ್ಜುವಿಕೆಯೂ ಕಾರಣ. ಕೊನೆಗೆ ಕಣ್ಣು, ರೆಪ್ಪೆ, ಮುತ್ತಿನ ಸರ, ಎಲೆಯ ನರ. ಇದಕ್ಕೆ ಅಳಿಲಿನ ಬಾಲದ ಕೂದಲಿನ ಕುಂಚ ಬೇಕು.

ಎಲ್ಲ ಬಣ್ಣಗಳೂ ಸಾಧುಗಳಲ್ಲ. ತಾಮ್ರಕ್ಕೆ ಹುಳಿ ತಾಗಿಸಿ ಮಾಡುವ ಹಸಿರು ನೋಡಲು ಚೆಂದ, ಆದರೆ ಕಾಲಾಂತರದಲ್ಲಿ ಅದು ಕಾಗದವನ್ನೇ ತಿನ್ನುತ್ತದೆ. ಹಳೆಯ ಚಿತ್ರಗಳಲ್ಲಿ ಮರದ ಎಲೆಗಳಿದ್ದ ಜಾಗ ಮಾತ್ರ ಸುಟ್ಟಂತೆ ಕಂದಾಗಿ ಉದುರಿರುವುದುಂಟು.

ಪುಸ್ತಕದ ಆಕಾರ ‘ಪೋಥಿ’. ಅಡ್ಡಲಾಗಿ ಉದ್ದವಿರುವ ಬಿಡಿ ಹಾಳೆಗಳು, ಹೊಲಿಗೆ ಇಲ್ಲ. ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಶ್ಲೋಕ. ಓದುವವರು ಒಂದೊಂದೇ ಹಾಳೆ ಎತ್ತಿ, ಓದಿ, ಮಗುಚಿ ಇಡಬೇಕು. ಬಟ್ಟೆಯಲ್ಲಿ ಸುತ್ತಿ ಕಟ್ಟಿಟ್ಟರೆ ಮುಗಿಯಿತು. ನಮ್ಮಲ್ಲಿ ಪುರಾಣದ ಓಲೆಗರಿಗಳನ್ನು ಇಡುತ್ತಿದ್ದುದೂ ಹಾಗೆಯೇ ಅಲ್ಲವೇ? ಈ ಆಕಾರದ ಅನುಕೂಲವೂ ಅದೇ, ಅಪಾಯವೂ ಅದೇ. ಹೊಲಿಗೆ ಇಲ್ಲದ ಪುಸ್ತಕದಿಂದ ಒಂದು ಹಾಳೆ ಎತ್ತಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

ಕೊಟ್ಟವನೂ ದೊರೆಯೇ

ಸುಮಾರು 170 ವರ್ಷ ಈ ರಾಮಾಯಣ ಉದಯಪುರದಲ್ಲಿತ್ತು. 1818ರಲ್ಲಿ ಮೇವಾಡ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಕಂಪನಿಯ ಪೊಲಿಟಿಕಲ್ ಏಜೆಂಟನಾಗಿ ಬಂದವನು ಜೇಮ್ಸ್ ಟಾಡ್. ರಜಪೂತರ ಇತಿಹಾಸ, ವಂಶಾವಳಿ, ಶಾಸನ ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ. ಮುಂದೆ 1829 ಮತ್ತು 1832ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದ ಅವನ ರಾಜಸ್ಥಾನದ ಇತಿಹಾಸ ಇಂದಿಗೂ ಪ್ರಸಿದ್ಧ. ಆಗ ಮೇವಾಡವನ್ನು ಆಳುತ್ತಿದ್ದ ಮಹಾರಾಣಾ ಭೀಮಸಿಂಗ್ ಈ ರಾಮಾಯಣದ ನಾಲ್ಕು ಕಾಂಡಗಳನ್ನು, ಎಂದರೆ ಅಯೋಧ್ಯಾ, ಕಿಷ್ಕಿಂಧಾ, ಯುದ್ಧ ಮತ್ತು ಉತ್ತರ ಕಾಂಡಗಳನ್ನು, ಟಾಡ್‌ಗೆ ಉಡುಗೊರೆಯಾಗಿ ಕೊಟ್ಟ.

ಕದ್ದದ್ದಲ್ಲ, ದೋಚಿದ್ದಲ್ಲ, ಕೊಟ್ಟದ್ದು. ಆದರೂ ಮರಾಠರ ಮತ್ತು ಪಿಂಡಾರಿಗಳ ಹಾವಳಿಯಿಂದ ಬಸವಳಿದು ಕಂಪನಿಯ ಆಸರೆ ಹಿಡಿದಿದ್ದ ದೊರೆಯೊಬ್ಬ ಕಂಪನಿಯ ಅಧಿಕಾರಿಗೆ ಕೊಡುವ ಉಡುಗೊರೆಯಲ್ಲಿ ಪ್ರೀತಿ ಎಷ್ಟು, ಅನಿವಾರ್ಯತೆ ಎಷ್ಟು ಎಂಬುದನ್ನು ಅಳೆಯುವ ತಕ್ಕಡಿ ಯಾರ ಬಳಿಯೂ ಇಲ್ಲ. ಟಾಡ್ ಉದಯಪುರದವರ ಮೆಚ್ಚಿಗೆಗೆ ಪಾತ್ರನಾಗಿದ್ದ ಎಂಬುದೂ ನಿಜ.

1823ರಲ್ಲಿ ಟಾಡ್ ಇಂಗ್ಲೆಂಡಿಗೆ ಮರಳಿದ. ಸಂಪುಟಗಳನ್ನು ಅವನು ಸಸೆಕ್ಸಿನ ಡ್ಯೂಕ್ ಅಗಸ್ಟಸ್ ಫ್ರೆಡರಿಕ್‌ನಿಗೆ ಅರ್ಪಿಸಿದ. ಮೂರನೆಯ ಜಾರ್ಜ್ ದೊರೆಯ ಮಗನಾದ ಈ ಡ್ಯೂಕನಿಗೆ ಪುಸ್ತಕಗಳ ಹುಚ್ಚು. ಅವನ ಗ್ರಂಥಾಲಯದಲ್ಲಿ ಬೈಬಲ್ಲಿನ ಪ್ರತಿಗಳೇ ರಾಶಿ ರಾಶಿ ಇದ್ದವು. ಅವುಗಳ ಪಕ್ಕದಲ್ಲಿ ಮೇವಾಡದ ರಾಮನೂ ಕೂತ. ಡ್ಯೂಕ್ 1843ರಲ್ಲಿ ತೀರಿಕೊಂಡ. ಮರುವರ್ಷ ಪುಸ್ತಕಗಳು ಹರಾಜಿಗೆ ಬಂದವು. ರಾಮಾಯಣವನ್ನು ಬ್ರಿಟಿಷ್ ಮ್ಯೂಸಿಯಂ ಕೊಂಡಿತು. 1973ರಲ್ಲಿ ಮ್ಯೂಸಿಯಮ್ಮಿನ ಗ್ರಂಥ ವಿಭಾಗ ಬೇರೆಯಾಗಿ ಬ್ರಿಟಿಷ್ ಲೈಬ್ರರಿಯಾದಾಗ ಅಲ್ಲಿಗೆ ಬಂತು.

ಇತ್ತ ಭಾರತದಲ್ಲಿ ಉಳಿದ ಕಾಂಡಗಳೂ ಒಟ್ಟಿಗೆ ಉಳಿಯಲಿಲ್ಲ. ಅರಣ್ಯಕಾಂಡ ಉದಯಪುರದಲ್ಲೇ ಉಳಿದು ಅಲ್ಲಿನ ರಾಜಸ್ಥಾನ ಪ್ರಾಚ್ಯವಿದ್ಯಾ ಪ್ರತಿಷ್ಠಾನವನ್ನು ಸೇರಿತು. ಬಾಲಕಾಂಡದ ಬಹುಪಾಲು ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿಗೆ ಬಂತು. ಈಗ ಅದರ ಹೆಸರು ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ. ಕೆಲವು ಹಾಳೆಗಳು ಬರೋಡಾ ಮ್ಯೂಸಿಯಮ್ಮಿಗೆ, ಇನ್ನು ಕೆಲವು ಖಾಸಗಿ ಸಂಗ್ರಹಗಳಿಗೆ ಹೋದವು. ರಾಮನ ಹುಟ್ಟು ಮುಂಬೈಯಲ್ಲಿ, ಸೀತಾಪಹರಣ ಉದಯಪುರದಲ್ಲಿ, ರಾವಣವಧೆ ಲಂಡನ್ನಿನಲ್ಲಿ!

ತೆರೆಯ ಮೇಲೆ ಪಟ್ಟಾಭಿಷೇಕ

ಲಂಡನ್ನಿನಲ್ಲಿದ್ದ ಚಿತ್ರಗಳ ಪೈಕಿ ನೂರಕ್ಕೂ ಹೆಚ್ಚನ್ನು 2008ರಲ್ಲಿ ಬ್ರಿಟಿಷ್ ಲೈಬ್ರರಿ ಪ್ರದರ್ಶನಕ್ಕಿಟ್ಟಿತು. ವಿದ್ವಾಂಸರ ಕೋಣೆಯೊಳಗಿದ್ದ ಸಾಹಿಬ್‌ದೀನ್ ಆಗ ಸಾಮಾನ್ಯರಿಗೂ ಪರಿಚಯವಾದ. ಅಲ್ಲಿಂದ ಮುಂದೆ, ಹರಿದು ಹಂಚಿಹೋದ ಕಾಂಡಗಳನ್ನು ಒಂದೆಡೆ ಕೂಡಿಸುವ ಕೆಲಸವನ್ನು ಬ್ರಿಟಿಷ್ ಲೈಬ್ರರಿ ಮತ್ತು ಮುಂಬೈಯ ವಸ್ತುಸಂಗ್ರಹಾಲಯ ಜಂಟಿಯಾಗಿ ಕೈಗೆತ್ತಿಕೊಂಡವು. ಉದಯಪುರ, ಬರೋಡಾಗಳ ಹಾಳೆಗಳ ಛಾಯಾಚಿತ್ರಗಳೂ ಸೇರಿದವು. 2014ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಈ ಡಿಜಿಟಲ್ ಪ್ರತಿಯ ಬಿಡುಗಡೆಯಾಯಿತು. ಶತಮಾನಗಳ ಬಳಿಕ ಬಾಲಕಾಂಡದ ಹಿಂದೆ ಅಯೋಧ್ಯಾಕಾಂಡ, ಅದರ ಹಿಂದೆ ಅರಣ್ಯಕಾಂಡ ಸಾಲಾಗಿ ಕಂಪ್ಯೂಟರ್ ತೆರೆಯ ಮೇಲೆ ಬಂದವು.

ಹಾಳೆಗಳು ಮಾತ್ರ ಇದ್ದಲ್ಲೇ ಇವೆ. ಇದು ಸರಿಯಾದ ಪರಿಹಾರವೇ ಎಂದು ಕೇಳುವವರಿದ್ದಾರೆ. ಮೂಲ ಪ್ರತಿ ಉದಯಪುರಕ್ಕೇ ಬರಬೇಕೆನ್ನುವುದು ಒಂದು ವಾದ. ಉಡುಗೊರೆಯಾಗಿ ಹೋದದ್ದನ್ನು, ಹರಾಜಿನಲ್ಲಿ ಕೊಂಡದ್ದನ್ನು ಹಿಂದೆ ಕೇಳುವುದು ಹೇಗೆ ಎಂಬುದು ಇನ್ನೊಂದು. ವಾದ ಏನೇ ಇರಲಿ, ಮೈಸೂರಿನ ಅಥವಾ ಕಲಬುರಗಿಯ ಚಿತ್ರಕಲಾ ವಿದ್ಯಾರ್ಥಿಯೊಬ್ಬ ಸಾಹಿಬ್‌ದೀನನ ಗೆರೆಯನ್ನು ದೊಡ್ಡದು ಮಾಡಿ ನೋಡುವುದು ಈ ಕೆಲಸದಿಂದಲೇ ಸಾಧ್ಯವಾಯಿತು. ಮೂಲ ಹಾಳೆಯ ಮುಂದೆ ಗಾಜಿನ ಆಚೆ ನಿಂತರೂ ಅಷ್ಟು ಹತ್ತಿರದಿಂದ ಕಾಣುವುದಿಲ್ಲ.

ಹಾಗೆಂದು ತೆರೆಯ ಮೇಲಿನದು ಶಾಶ್ವತ ಎಂದು ತಿಳಿಯಬೇಕಾಗಿಲ್ಲ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ಸೈಬರ್ ದಾಳಿ ನಡೆಯಿತು. ಅದರ ಡಿಜಿಟಲ್ ಹಸ್ತಪ್ರತಿಗಳು ತಿಂಗಳುಗಟ್ಟಲೆ ಓದುಗರ ಕೈಗೆ ಸಿಗಲಿಲ್ಲ. ಕಾಗದದ ಮೇಲಿದ್ದ ಕುಂಭಕರ್ಣನಿಗೆ ಮಾತ್ರ ಏನೂ ಆಗಲಿಲ್ಲ, ಅವನು ಹಾಗೆಯೇ ಮಲಗಿದ್ದ.

ಕೂಡದೆ ಹೋದ ಭಾಗವತ

ಮೇವಾಡ ರಾಮಾಯಣ ಒಡೆದದ್ದು ಕಾಂಡಕಾಂಡವಾಗಿ. ಆದ್ದರಿಂದಲೇ ಕೂಡಿಸುವುದು ಸಾಧ್ಯವಾಯಿತು. ಮೊದಲು ಹೇಳಿದ ಆ ಹಳೆಯ ಭಾಗವತದ ಗತಿ ಬೇರೆ. ಅದು ಹಾಳೆಹಾಳೆಯಾಗಿ ಚದುರಿತು. ಮೂಲದಲ್ಲಿದ್ದ ಚಿತ್ರಗಳಲ್ಲಿ ಉಳಿದಿರುವ ಇನ್ನೂರರಷ್ಟು ಹಾಳೆಗಳು ಒಂದೊಂದು ದೇಶದಲ್ಲಿ ಒಂದೊಂದಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮೊದಲಾದೆಡೆ ಕೆಲವು. ಉಳಿದವು ಶ್ರೀಮಂತರ ಗೋಡೆಗಳ ಮೇಲೆ.

ಅದರ ಹಲವು ಹಾಳೆಗಳ ಮೇಲೆ ‘ಸಾ ನಾನಾ’, ‘ಸಾ ಮೀಠಾರಾಮ್’ ಎಂಬ ಹೆಸರುಗಳಿವೆ. ಚಿತ್ರಕಾರರ ಹೆಸರೆಂದು ಕೆಲವರು ಅಂದುಕೊಂಡದ್ದುಂಟು. ಪುಸ್ತಕದ ಒಡೆಯರಿರಬೇಕು ಎಂಬ ಅಭಿಪ್ರಾಯವೇ ಹೆಚ್ಚು ಸರಿಯೆನಿಸುತ್ತದೆ. ಹಾಗಿದ್ದರೆ ಇವರು ರಾಜರಲ್ಲ, ದೊಡ್ಡ ವರ್ತಕರೋ ಗೃಹಸ್ಥರೋ ಇರಬಹುದು. ಮನೆಯಲ್ಲಿ ಪಾಲಾದಾಗ ಪಾತ್ರೆ, ಒಡವೆ, ಹೊಲಗಳ ಜೊತೆ ಕೃಷ್ಣನೂ ಪಾಲಾದನೇ? ನಮ್ಮ ಊರುಗಳಲ್ಲೂ ಪಾಲುಪಟ್ಟಿಯ ದಿನ ನಡೆಯುವುದನ್ನು ನೋಡಿದವರಿಗೆ ಈ ಊಹೆ ತೀರ ಅಸಂಭವ ಎನಿಸದು.

ಆದರೆ ಚದುರಿಸುವ ಕೆಲಸವನ್ನು ಪೂರ್ಣಗೊಳಿಸಿದ್ದು 20ನೆಯ ಶತಮಾನದ ವ್ಯಾಪಾರ. ಇಡೀ ಪೋಥಿ ಕೊಳ್ಳುವವರು ವಿರಳ. ಒಂದು ಹಾಳೆ ಕೊಂಡು ಚೌಕಟ್ಟು ಹಾಕಿಸುವವರು ಬೇಕಾದಷ್ಟು. ಹಾಗಾಗಿ ಹಾಳೆಗೊಂದು ಬೆಲೆ ಕಟ್ಟಿ ಮಾರಿದರೆ ಲಾಭ ಹೆಚ್ಚು. ಚೌಕಟ್ಟು ಹಾಕಿದ ಮೇಲೆ ಚಿತ್ರ ಮುಂದೆ, ಶ್ಲೋಕ ಹಿಂದೆ ಗೋಡೆಗೆ. ಕಾಳಿಂಗನ ತಲೆಯ ಮೇಲೆ ಕೃಷ್ಣ ಕುಣಿಯುವ ಹಾಳೆ ಒಬ್ಬರ ಮನೆಯಲ್ಲಿ ತೂಗುತ್ತಿದ್ದರೆ, ಅವನು ಮಡುವಿಗೆ ಹಾರುವ ಹಾಳೆ ಎಲ್ಲಿದೆಯೋ ಅವರಿಗೆ ಬೇಕಾಗಿಲ್ಲ.

1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ ಇದಕ್ಕೆ ಒಂದಿಷ್ಟು ತಡೆ ಹಾಕಿತು. ಅದು ಜಾರಿಗೆ ಬಂದದ್ದು 1976ರಲ್ಲಿ. ಅದರ ಪ್ರಕಾರ ನೂರು ವರ್ಷ ದಾಟಿದ ಚಿತ್ರಗಳು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳು. ಖಾಸಗಿಯವರು ಅವನ್ನು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ಅಷ್ಟರಲ್ಲಿ ಹೋಗುವುದು ಬಹಳಷ್ಟು ಹೋಗಿಯಾಗಿತ್ತು ಎನ್ನುವುದು ಬೇರೆ ಮಾತು. 2003ರಲ್ಲಿ ಕೇಂದ್ರ ಸರ್ಕಾರ ಹಸ್ತಪ್ರತಿಗಳಿಗೆಂದೇ ರಾಷ್ಟ್ರೀಯ ಮಿಷನ್ ಆರಂಭಿಸಿ, ದೇಶದ ಉದ್ದಗಲಕ್ಕೂ ಇರುವ ಪ್ರತಿಗಳ ಪಟ್ಟಿ ಮಾಡಿಸತೊಡಗಿತು.

ಕರ್ನಾಟಕದ ಹಳೆಯ ಮನೆಗಳ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಓಲೆಗರಿಯ ಕಟ್ಟೋ ಕಾಗದದ ಕಟ್ಟೋ ಇನ್ನೂ ಸಿಗುವುದುಂಟು. ಎಲ್ಲದರಲ್ಲೂ ಚಿತ್ರವಿರುತ್ತದೆಂದಲ್ಲ. ಲೆಕ್ಕದ ಕಡತವೋ ಪಂಚಾಂಗವೋ ಇರಬಹುದು. ಏನೇ ಇದ್ದರೂ ಮಕ್ಕಳ ಕೈಗೆ ಸಿಕ್ಕಾಗ ಕೆಲವು ಎಚ್ಚರಿಕೆ ಬೇಕು. ಹಾಳೆಗಳಿಗೆ ಅಂಟುಪಟ್ಟಿ ಹಚ್ಚಬಾರದು, ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಲೇಬಾರದು, ಬಿಸಿಲಿಗೆ ಹರವಬಾರದು. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಒಣಗಿದ ಜಾಗದಲ್ಲಿಟ್ಟು, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಗೋ ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ತೋರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟು ಬಿಚ್ಚಿದಾಗ ಹಾಳೆಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಇಡಬೇಕು, ಅಂಚಿನಲ್ಲಿರುವ ಅಂಕಿಗಳನ್ನು ಅಳಿಸಬಾರದು. ದೇಶದೇಶಗಳಲ್ಲಿ ಚದುರ್ಕೊಂಡ ಹಳೆಯ ಪೋಥಿಗಳ ಹಾಳೆಗಳಲ್ಲಿ ಯಾವುದರ ಹಿಂದೆ ಯಾವುದು ಬರಬೇಕೆಂದು ವಿದ್ವಾಂಸರು ಕಂಡುಕೊಳ್ಳುವುದು ಅಂಥ ಅಂಕಿಗಳಿಂದ, ಮತ್ತು ಚಿತ್ರದ ಬೆನ್ನಿಗಿರುವ ಶ್ಲೋಕಗಳಿಂದ.